ಅಣ್ಣನ ನಿದ್ದೆ

ನಮ್ಮಣ್ಣನಿಗೆ ಬೇಕರಿಯಲ್ಲಿ ‘ಕೋಳಿ’ ಎಂಬ ಅಡ್ಡಹೆಸರಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಭಟ್ಟಿ ಹೊತ್ತಿಸುವ ಕೆಲಸ ಅವನದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ, ಒಂದು ದಿನವೂ ಅಲಾರಂ ಇಟ್ಟುಕೊಳ್ಳಲಿಲ್ಲ. ಎರಡೂಕಾಲಿಗೆ ತಾನಾಗಿಯೇ ಕಣ್ಣು ಬಿಡುತ್ತಿದ್ದ. ಮುಖಕ್ಕೆ ನೀರೆರಚಿಕೊಂಡು, ಅತ್ತಿಗೆಗೆ ಎಚ್ಚರವಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು, ಬಾಗಿಲಾಚೆ ಮೆಟ್ಟಿಕೊಂಡು ಸೈಕಲ್ ಹತ್ತುತ್ತಿದ್ದ. ನಿಜವಾದ ಕೋಳಿಗಳು ಕೂಗುವ ಹೊತ್ತಿಗೆ ಅವನ ಮೊದಲ ಸುತ್ತಿನ ಬ್ರೆಡ್ಡು ಹಲಗೆಯ ಮೇಲೆ ಆರುತ್ತಿತ್ತು.

ಇಷ್ಟು ಬೇಗ ಏಳುವವನು ಅಷ್ಟೇ ಬೇಗ ಮಲಗಬೇಕಲ್ಲ. ಸಂಜೆ ಏಳಕ್ಕೆಲ್ಲ ಅವನ ಮನೆಯಲ್ಲಿ ರಾತ್ರಿ. ನಾನು ಎರಡು ಬೀದಿ ಆಚೆ ಇರುವವಳು, ಬಟ್ಟೆ ಹೊಲಿದು ಬದುಕುವವಳು. ಏಳರ ಮೇಲೆ ಹೋದರೆ ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆಗೆಯುತ್ತಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಪಿಸುಮಾತಿನಲ್ಲೇ ಮುಗಿಸುತ್ತಿದ್ದೆವು. ಅಷ್ಟು ಜಾಗ್ರತೆ ಬೇಕಾಗಿಯೇ ಇರಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನಮ್ಮಣ್ಣನಿಗೆ ಚಿಂತೆ ಇದ್ದಾಗಲೂ ಬರುತ್ತಿತ್ತು. ಅಪ್ಪ ತೀರಿಕೊಂಡ ದಿನ ಮನೆ ತುಂಬ ಜನ ಅಳುತ್ತಿರುವಾಗ ಅವನು ಮೂಲೆಯಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದ. ಯಾರೋ ಎಬ್ಬಿಸಲು ಹೋದರೆ ಅಮ್ಮ ತಡೆದಳು. “ಬಿಡಿ, ಮಲಗಲಿ. ಅವನು ಅಳೋದೇ ಹಾಗೆ.”

ಅಂಥವನ ನಿದ್ದೆ ಕೆಟ್ಟದ್ದು ಎದುರು ಮನೆ ಮಾರಾಟವಾದ ವರ್ಷ. ಕೊಂಡವನು ಮನೆಯನ್ನು ಕೆಡವಿ, ತಗಡಿನ ಸೂರು ಹಾಕಿ, ಕಬ್ಬಿಣದ ಗೇಟು ಕಿಟಕಿ ಮಾಡುವ ವರ್ಕ್‌ಶಾಪು ತೆರೆದ. ಹಗಲೆಲ್ಲ ಅಳತೆ, ಜೋಡಣೆ. ಸಂಜೆ ಐದಕ್ಕೆ ಶುರುವಾದರೆ ಹತ್ತರವರೆಗೂ ಕಬ್ಬಿಣ ಕೊಯ್ಯುವ ಸದ್ದು. ಹಲ್ಲು ಜುಮ್ಮೆನ್ನುವಂಥ ಸದ್ದು. ಅಣ್ಣ ಒಂದು ವಾರ ಸಹಿಸಿಕೊಂಡು, ಎಂಟನೇ ದಿನ ರಸ್ತೆ ದಾಟಿ ಹೋಗಿ ಕೈಮುಗಿದು ಕೇಳಿದ. ವರ್ಕ್‌ಶಾಪಿನವನೇನೂ ಕೆಟ್ಟವನಲ್ಲ. ಸ್ಟೂಲು ಕೊಟ್ಟು ಕೂರಿಸಿ, ಚಹಾ ತರಿಸಿ ಹೇಳಿದ: “ನಿಮಗೆ ಮಲಗೋ ಹೊತ್ತು, ನಮಗೆ ದುಡಿಯೋ ಹೊತ್ತು. ಸಂಜೆ ಏಳಕ್ಕೆ ಮಲಗೋರು ಕೋಳಿ ಬಿಟ್ರೆ ಇನ್ಯಾರಿದ್ದಾರೆ, ಹೇಳಿ ಸ್ವಾಮಿ?” ಬೇಕರಿಯವರು ಇಟ್ಟ ಅಡ್ಡಹೆಸರು ಅವನಿಗೆ ಗೊತ್ತಿರಲಿಲ್ಲ. ಅಣ್ಣ ಮನೆಗೆ ಬಂದು ಅದನ್ನು ಹೇಳಿ ತಾನೇ ನಕ್ಕ. ಆಗಿನ್ನೂ ನಗುತ್ತಿದ್ದ.

ಕಿವಿಗೆ ಹತ್ತಿ ತುರುಕಿಕೊಂಡ. ಮಂಚವನ್ನು ಅಡುಗೆಮನೆಗೆ ಸಾಗಿಸಿದರು. ಕಿಟಕಿಗೆ ಹಳೆಯ ಹಾಸಿಗೆ ಒತ್ತಿ ನಿಲ್ಲಿಸಿದರು. ಏನು ಮಾಡಿದರೂ ಹತ್ತು ಗಂಟೆಯವರೆಗೆ ರೆಪ್ಪೆಗೆ ರೆಪ್ಪೆ ಅಂಟುತ್ತಿರಲಿಲ್ಲ. ನಾಲ್ಕು ಗಂಟೆಯ ನಿದ್ದೆಯಲ್ಲಿ ಎಂಟು ಗಂಟೆ ಭಟ್ಟಿಯ ಮುಂದೆ ನಿಲ್ಲುವುದು ನಲವತ್ತಾರರ ಮೈಗೆ ಸುಲಭವಲ್ಲ. ಆರು ತಿಂಗಳಲ್ಲಿ ಕಣ್ಣು ಗುಳಿಬಿದ್ದವು.

ಬ್ರಾಂದಿಯ ಮಾತೆತ್ತಿದವನು ಬೇಕರಿಯ ವ್ಯಾನ್ ಡ್ರೈವರು. “ಕುಡಿಯೋಕೆ ಅಂತ ಕುಡೀಬೇಡಪ್ಪ. ಔಷಧಿ ಅಂತ ಕುಡಿ. ಚೂರೇ ಚೂರು. ಸಿಡಿಲು ಹೊಡೆದ್ರೂ ಏಳಲ್ಲ ನೀನು.” ಅಣ್ಣ ಅಲ್ಲಿಯವರೆಗೆ ಯಾರದಾದರೂ ಮದುವೆಯಲ್ಲಿ ಬಲವಂತಕ್ಕೆ ಒಂದು ಗುಟುಕು ಕುಡಿದವನೇ ಹೊರತು ಅದರ ಗೊಡವೆಗೆ ಹೋದವನಲ್ಲ. ಕಾಗದದಲ್ಲಿ ಸುತ್ತಿದ ಬಾಟಲಿಯನ್ನು ಅವನು ಮೊದಲ ಸಲ ಮನೆಗೆ ತಂದಾಗ ಕದ್ದ ಮಾಲಿನ ಹಾಗೆ ಚೀಲದ ತಳದಲ್ಲಿ ಇಟ್ಟುಕೊಂಡಿದ್ದನಂತೆ. ಅತ್ತಿಗೆಯೇ ತೆಗೆದು ಕಪಾಟಿನಲ್ಲಿ ಇಟ್ಟಳು. ಅವಳೇ ಆರೂಮುಕ್ಕಾಲಿಗೆ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಮೂರು ಸಲ ಅಳೆದು, ನೀರು ಬೆರೆಸಿ, ಲೋಟವನ್ನು ಕೈಗೆ ಕೊಟ್ಟಳು.

ಅವತ್ತು ಕಬ್ಬಿಣ ಕೊಯ್ಯುವ ಸದ್ದಿನ ನಡುವೆಯೇ ಏಳೂಕಾಲಿಗೆ ಅವನ ಗೊರಕೆ ಕೇಳಿಸಿತು. ಅತ್ತಿಗೆ ಖುಷಿಯಲ್ಲಿ ನನ್ನ ಮನೆಗೆ ಓಡಿಬಂದಳು. “ಬಂತು ಕಣೇ! ಆರು ತಿಂಗಳಾದ ಮೇಲೆ ನಿದ್ದೆ ಬಂತು!” ನಾವಿಬ್ಬರೂ ಆ ಖುಷಿಗೆ ಚಹಾ ಮಾಡಿಕೊಂಡು ಕುಡಿದೆವು.

ಅವನು ಕುಡುಕನ ಹಾಗೆ ಎಂದೂ ಇರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಬೀದಿಯಲ್ಲಿ ತೂರಾಡಲಿಲ್ಲ, ದನಿ ಏರಿಸಲಿಲ್ಲ, ಹೆಂಡತಿಯ ಮೇಲೆ ಕೈಯೆತ್ತಲಿಲ್ಲ. ಕುಡಿಯುತ್ತಿದ್ದ, ಮಲಗುತ್ತಿದ್ದ. ಆ ಎರಡರ ನಡುವೆ ಹತ್ತು ನಿಮಿಷವೂ ಇರುತ್ತಿರಲಿಲ್ಲ. ಹಾಗಾಗಿ ಬೈಯುವುದಕ್ಕೆ ಯಾರಿಗೂ ಕಾರಣ ಸಿಗಲಿಲ್ಲ. ಬೈಯಬೇಕಾದ ಹೊತ್ತು ಹಾಗೆಯೇ ಕಳೆದುಹೋಯಿತು.

ಮೂರು ಮುಚ್ಚಳ ನಾಲ್ಕಾಯಿತು, ಆರಾಯಿತು. ಮುಚ್ಚಳ ಹೋಗಿ ಲೋಟವೇ ಅಳತೆಯಾಯಿತು. ಒಂದೂವರೆ ವರ್ಷದ ಮೇಲೆ ವರ್ಕ್‌ಶಾಪಿನವನಿಗೆ ಊರಾಚೆ ದೊಡ್ಡ ಜಾಗ ಸಿಕ್ಕಿತು. ತಗಡು, ಮಷಿನ್ನು ಎಲ್ಲ ಲಾರಿಗೆ ಹೇರಿಕೊಂಡು ಹೊರಟುಹೋದ. ಎದುರಿಗೆ ಖಾಲಿ ಸೈಟು. ಸಂಜೆ ಏಳಕ್ಕೆ ಬೀದಿಯಲ್ಲಿ ಸೊಳ್ಳೆ ಹಾರಿದರೂ ಕೇಳುವಷ್ಟು ನಿಶ್ಶಬ್ದ. ಅಣ್ಣ ಆವತ್ತು ಲೋಟ ಮುಟ್ಟದೆ, ಹಳೆಯ ಜಾಗಕ್ಕೆ ಮಂಚ ಎಳೆಸಿ, ದೀಪ ಆರಿಸಿ ಮಲಗಿದ. ಎಂಟಾಯಿತು. ಒಂಬತ್ತಾಯಿತು. ಒಂಬತ್ತೂವರೆಗೆ ಎದ್ದುಬಂದು ಕಪಾಟಿನ ಬಾಗಿಲು ತೆಗೆದ. ಸದ್ದು ಹೋಗಿತ್ತು, ಬಾಟಲಿ ಉಳಿದಿತ್ತು.

ಅಷ್ಟರಲ್ಲಿ ಆ ನಿದ್ದೆಯ ಬಣ್ಣವೂ ಬಯಲಾಗತೊಡಗಿತ್ತು. ಏಳಕ್ಕೆ ಬಿದ್ದವನು ಹನ್ನೊಂದಕ್ಕೆ ಯಾರೋ ಹಿಡಿದು ಅಲುಗಾಡಿಸಿದ ಹಾಗೆ ಎದ್ದು ಕೂರುತ್ತಿದ್ದ. ಬನಿಯನ್ ಹಿಂಡಿದರೆ ನೀರಿಳಿಯುವಷ್ಟು ಬೆವರು, ಎದೆಯಲ್ಲಿ ಡವಡವ, ಬಾಯಿ ಒಣಗಿ ಮರದ ಹೊಟ್ಟು. ಆಮೇಲೆ ಎರಡರವರೆಗೂ ಮಗ್ಗುಲು ಬದಲಿಸುವುದೇ ಕೆಲಸ. ಜೊಂಪು ಹತ್ತಿದರೆ ಕೆಟ್ಟ ಕನಸು. ಒಮ್ಮೆ ನನ್ನ ಹತ್ತಿರ ಅವನೇ ಹೇಳಿದ.

“ಬಾವಿಗೆ ಕಲ್ಲು ಹಾಕಿದ ಹಾಗೆ ಮುಳುಗ್ತೀನಿ ನೋಡು. ತಳ ಮುಟ್ಟಿದೆ ಅನ್ನೋಷ್ಟರಲ್ಲಿ ಕುತ್ತಿಗೆಗೆ ಹಗ್ಗ ಹಾಕಿ ಎಳೆದ ಹಾಗೆ ಮೇಲಕ್ಕೆ ಬಂದಿರ್ತೀನಿ. ಎದ್ದಾಗ ಮಲಗೋಕೆ ಮುಂಚೆಗಿಂತ ಜಾಸ್ತಿ ಸುಸ್ತು.”

“ಹಾಗಾದ್ರೆ ಬಿಡು ಅದನ್ನ.”

“ಬಿಟ್ರೆ ಆ ನಾಲ್ಕು ಗಂಟೇನೂ ಇಲ್ಲವಲ್ಲೇ.”

ಹನ್ನೊಂದಕ್ಕೆ ಎಚ್ಚರವಾದಾಗ ಇನ್ನೊಂದು ಲೋಟ ಕುಡಿಯುವುದು ಆ ದಿನಗಳಲ್ಲೇ ಶುರುವಾಯಿತು.

ಅತ್ತಿಗೆಯ ನಿದ್ದೆಯೂ ಅವನದರ ಜೊತೆಗೇ ಹೋಯಿತು. ಹಿಂದೆ ಅವನ ಗೊರಕೆ ಮರ ಕೊಯ್ದ ಹಾಗೆ ಒಂದೇ ಸಮ ಇರುತ್ತಿತ್ತು. ಅದಕ್ಕೆ ಅವಳು ಒಗ್ಗಿಹೋಗಿದ್ದಳು. ಈಗ ಗೊರಕೆ ಏರಿ ಏರಿ, ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಉಸಿರೇ ಇಲ್ಲ. “ನಾನು ಎಣಿಸ್ತೀನಿ,” ಅಂದಳು ಒಂದು ದಿನ, ನನ್ನ ಮಷಿನ್ನಿನ ಪಕ್ಕ ಕೂತು ಗುಂಡಿ ಹೊಲಿದುಕೊಡುತ್ತಾ. “ಇಪ್ಪತ್ತಕ್ಕೆ ಸಾಮಾನ್ಯವಾಗಿ ಬರುತ್ತೆ. ಮೂವತ್ತು ದಾಟಿದ್ರೆ ಅಲ್ಲಾಡಿಸ್ತೀನಿ. ಮೊನ್ನೆ ನಲವತ್ತಕ್ಕೆ ಹೋಯ್ತು.” ಹೇಳುತ್ತಾ ಹೇಳುತ್ತಾ ಸೂಜಿ ಕೈಯಲ್ಲಿರುವಂತೆಯೇ ತೂಕಡಿಸಿದಳು. ನಾನು ಸೂಜಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಅವಳ ತಲೆಗೆ ಬಟ್ಟೆಗಂಟು ಕೊಟ್ಟೆ. ಮಧ್ಯಾಹ್ನ ಮೂರು ಗಂಟೆ ಹೊತ್ತು ಹಾಗೇ ಮಲಗಿದಳು.

ಬೇಕರಿಯಲ್ಲಿ ತಪ್ಪುಗಳಾಗತೊಡಗಿದವು. ಒಂದು ದಿನ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತ. ಮುನ್ನೂರು ಬ್ರೆಡ್ಡು ವಾಪಸ್ ಬಂತು. ಆಗ ಅವನನ್ನು ಉಳಿಸಿದವಳು ಬನ್ನಕ್ಕ. ಬನ್ನು ಉಂಡೆ ಮಾಡುವ ಹೆಂಗಸು, ಐವತ್ತೆಂಟರ ವಯಸ್ಸು, ಗಂಡ ಇಲ್ಲ. ಎರಡು ಅಂಗೈ ಕೆಳಗೆ ಎರಡು ಉಂಡೆ ಇಟ್ಟು ಒಂದೇ ಸಲಕ್ಕೆ ತಿರುಗಿಸಿ ಬಿಡುತ್ತಿದ್ದಳು. ಎರಡೂ ಅಚ್ಚಿನಲ್ಲಿ ತೆಗೆದ ಹಾಗೆ ಸಮ. ಅವಳು ಮಾಲೀಕರಿಗೆ ಹೇಳಿದಳಂತೆ: “ಉಪ್ಪಿನ ಡಬ್ಬಿ ನಾನು ಎತ್ತಿಟ್ಟಿದ್ದೆ ಸಾರ್, ಹೇಳೋಕೆ ಮರೆತೆ.” ಆಮೇಲೆ ಅಣ್ಣನನ್ನು ಹಿಟ್ಟಿನ ಮೂಟೆಗಳ ಹಿಂದೆ ಕರೆದು, “ತಮ್ಮಾ, ಈ ಸಲ ನಂದು ಅಂದೆ. ಇನ್ನೊಂದು ಸಲ ಅನ್ನಲ್ಲ. ಬೆಳಿಗ್ಗೆ ನಿನ್ನ ಹತ್ತಿರ ಬಂದ್ರೆ ವಾಸನೆ ಹೊಡಿಯುತ್ತೆ,” ಅಂದಳು.

ಅಣ್ಣ ಅವತ್ತೇ ಬಂದು ನನ್ನನ್ನು ಕರೆದ. “ಡಾಕ್ಟ್ರ ಹತ್ತಿರ ಹೋಗಬೇಕು. ಜೊತೆಗೆ ಬಾ. ನನಗೆ ಒಬ್ಬನಿಗೇ ಹೇಳೋಕೆ ನಾಚಿಕೆ.”

ಡಾಕ್ಟರಮ್ಮ ಸಾವಧಾನದ ಹೆಂಗಸು. ಎಲ್ಲವನ್ನೂ ಕೇಳಿ, ಪೆನ್ನು ಕೆಳಗಿಟ್ಟು ಹೇಳಿದರು: “ನೀವು ಮಲಗ್ತಾ ಇಲ್ಲ, ಪ್ರಜ್ಞೆ ತಪ್ತಾ ಇದ್ದೀರಿ. ಮೊದಲರ್ಧ ಅದು ನಿಮ್ಮನ್ನ ಅದುಮಿ ಹಿಡಿಯುತ್ತೆ. ರಕ್ತದಿಂದ ಇಳಿತಾ ಬಂದ ಹಾಗೆ, ಅದುಮಿದ್ದೆಲ್ಲ ಎದ್ದು ಕೂರುತ್ತೆ. ಅದಕ್ಕೇ ಬೆವರು, ಎದೆಬಡಿತ. ಕನಸು ಕಾಣೋ ನಿದ್ದೆ ಅಂತ ಒಂದಿದೆ, ತಲೆಗೆ ಅದೂ ಬೇಕು. ಮೊದಲರ್ಧ ಅದಕ್ಕೆ ಜಾಗಾನೇ ಇಲ್ಲ, ಆಮೇಲೆ ಅದು ಬರೋ ಹೊತ್ತಿಗೆ ನೀವು ಎದ್ದಿರ್ತೀರಿ. ಗಂಟಲೂ ಸಡಿಲ ಬೀಳುತ್ತೆ, ಉಸಿರು ಕಟ್ಟೋದು ಅದರಿಂದ.”

“ಇವತ್ತೇ ಬಿಡ್ತೀನಿ ಡಾಕ್ಟ್ರೇ.”

“ಬೇಡ. ಒಂದೇ ಸಲ ನಿಲ್ಲಿಸಬೇಡಿ, ಇಷ್ಟು ದಿನ ಕುಡಿದವರಿಗೆ ಅದು ಅಪಾಯ. ನಾನು ಹೇಳಿದ ಹಾಗೆ ಇಳಿಸಬೇಕು, ಮಾತ್ರೆ ಬೇಕಾಗಬಹುದು, ಆಗಾಗ ಬಂದು ತೋರಿಸಬೇಕು. ಪೂರ್ತಿ ಬಿಟ್ಟ ಮೇಲೂ ಕೆಲವು ವಾರ ನಿದ್ದೆ ಇನ್ನೂ ಕೆಡುತ್ತೆ. ಆಮೇಲೆ ಸರಿಹೋಗುತ್ತೆ. ಅಲ್ಲಿವರೆಗೆ ಕೆಲಸಕ್ಕೆ ರಜೆ ಹಾಕಿ.”

“ಭಟ್ಟಿಗೆಲ್ಲಿ ರಜೆ ಡಾಕ್ಟ್ರೇ,” ಅಂದ ಅಣ್ಣ, ನಗುತ್ತಾ.

ಮನೆಗೆ ಬಂದವನೇ ಬಾಟಲಿಯನ್ನು ಬಚ್ಚಲಿಗೆ ಸುರಿದ. ಡಾಕ್ಟರ ಮಾತಿನಲ್ಲಿ ಅವನಿಗೆ ಕೇಳಿಸಿದ್ದು ಅರ್ಧ. ಆದರೆ ಪೂರ್ತಿ ಕೇಳಿಸಿಕೊಂಡವಳು ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬ್ರಾಂದಿ ಗುಳಗುಳ ಇಳಿದುಹೋಗುವುದನ್ನು ನೋಡಿ ನನಗೂ ಅತ್ತಿಗೆಗೂ ಪೀಡೆ ತೊಲಗಿತು ಅನ್ನಿಸಿತ್ತು. ಒಳ್ಳೆಯ ಕೆಲಸಕ್ಕೆ ಅಡ್ಡ ಬರುವುದು ಹೇಗೆ ಅಂತ ಸುಮ್ಮನಿದ್ದೆ.

ಮೊದಲ ನಾಲ್ಕು ದಿನ ಅವನ ಕೈ ನಡುಗಿ ಲೋಟ ಹಿಡಿಯಲಾಗಲಿಲ್ಲ. ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ತೋರಿಸಿದ. ಅಲ್ಲಿ ಏನೂ ಇರಲಿಲ್ಲ. ಡಾಕ್ಟರಲ್ಲಿಗೆ ಹೋಗೋಣ ಅಂದರೆ, “ಮಾತು ಕೇಳಲಿಲ್ಲ ಅಂತ ಬೈತಾರೆ,” ಅಂದ, ಶಾಲೆಗೆ ಹೆದರುವ ಮಗುವಿನ ಹಾಗೆ. ಅತ್ತಿಗೆ ಒದ್ದೆ ಬಟ್ಟೆಯಲ್ಲಿ ಅವನ ಬೆನ್ನು ಒರೆಸುತ್ತಾ ಕೂತಿರುತ್ತಿದ್ದಳು. ಎರಡು ಗಂಟೆಯಾದರೆ ಎದ್ದು, ನಡುಗುವ ಕೈಯಲ್ಲೇ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಿದ್ದ.

ಎಂಟನೇ ದಿನಕ್ಕೆ ನಡುಕ ನಿಂತಿತು. ಮುಖ ಗೆಲುವಾಯಿತು, ಊಟ ಸೇರಿತು. ನನ್ನ ಮನೆಗೆ ಬಿಸಿ ಬ್ರೆಡ್ಡು ತಂದುಕೊಟ್ಟು, “ಉಪ್ಪು ಇದೆಯಾ ನೋಡು,” ಅಂತ ತಮಾಷೆ ಮಾಡಿದ. ಎಲ್ಲವೂ ವಾಪಸ್ ಬಂತು, ನಿದ್ದೆಯೊಂದು ಬಿಟ್ಟು. ರಾತ್ರಿಯಿಡೀ ಸೂರು ನೋಡುತ್ತಾ ಮಲಗಿರುತ್ತಿದ್ದ. ಅರ್ಧ ಗಂಟೆ ಮಂಪರು, ಮತ್ತೆ ಎಚ್ಚರ. “ಕೆಲವು ವಾರ ಅಂದಿದ್ದಾರಲ್ಲ,” ಅಂದ. “ಎರಡು ವಾರ ಆಗ್ತಾ ಬಂತು. ಇನ್ನೇನು.”

ಹನ್ನೆರಡನೇ ದಿನ ಬೆಳಗಿನ ಜಾವ ಅದಾಯಿತು.

ಹಿಟ್ಟು ಕಲಸುವ ಮಷಿನ್ನಿನ ಒಳಗೆ ಎರಡು ಕಬ್ಬಿಣದ ತೋಳುಗಳಿವೆ. ಒಂದು ಸುತ್ತು ಕಲಸಿ ಆದ ಮೇಲೆ ಮಷಿನ್ನು ನಿಲ್ಲಿಸಿ, ಆ ತೋಳುಗಳಿಗೆ ಅಂಟಿದ ಹಿಟ್ಟನ್ನು ಕೈಹಾಕಿ ಕೆರೆದು ತೆಗೆಯಬೇಕು. ಅದು ಬನ್ನಕ್ಕನ ಕೆಲಸ. ಅವಳು ಕೈ ಹೊರಗೆ ತೆಗೆಯುವವರೆಗೂ ಗೋಡೆಯ ಸ್ವಿಚ್ಚಿನ ಹತ್ತಿರ ನಿಂತು, ಯಾರೂ ಅದನ್ನು ಮುಟ್ಟದ ಹಾಗೆ ಕಾಯಬೇಕು. ಅದು ಅಣ್ಣನ ಕೆಲಸ. ಬೇರೇನೂ ಮಾಡಬೇಕಾಗಿಲ್ಲ, ಎರಡು ನಿಮಿಷ ಸುಮ್ಮನೆ ನಿಂತರೆ ಸಾಕು. ಸುಮ್ಮನೆ ನಿಂತದ್ದೇ ತಪ್ಪಾಯಿತು. ಭಟ್ಟಿಯ ಶಾಖ ಬೆನ್ನಿಗೆ ತಾಗುತ್ತಿತ್ತು, ಗೋಡೆ ಭುಜದ ಪಕ್ಕದಲ್ಲೇ ಇತ್ತು. ಹನ್ನೆರಡು ದಿನ ಕರೆದರೂ ಬಾರದ ನಿದ್ದೆ ಆ ಎರಡು ನಿಮಿಷದಲ್ಲಿ ಬಂತು. ನಿಂತಲ್ಲೇ ಕಣ್ಣು ಮುಚ್ಚಿತು, ಮೈ ವಾಲಿತು, ಭುಜ ಸ್ವಿಚ್ಚನ್ನು ಒತ್ತಿತು.

ಅವನಿಗೆ ಎಚ್ಚರವಾದದ್ದು ಬನ್ನಕ್ಕನ ಕಿರುಚಾಟಕ್ಕೆ. ಅವಳ ಬಲಗೈಯ ಮೂರು ಬೆರಳು ಹೋದವು. ಮಣಿಕಟ್ಟು ಎರಡು ಕಡೆ ಮುರಿಯಿತು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಲೋಕ ಇದು. ನಮ್ಮಣ್ಣನಾದರೋ ಆ ಮರದ ಕೆಳಗೆ ಮೂರು ವರ್ಷ ಹೆಂಡವನ್ನೇ ಕುಡಿದಿದ್ದ. ಯಾರು ನಂಬುತ್ತಾರೆ? “ಕುಡಿದು ಬಂದಿದ್ದ,” ಅಂದ ವ್ಯಾನ್ ಡ್ರೈವರು. ಬ್ರಾಂದಿಯ ದಾರಿ ತೋರಿಸಿದವನೇ ಎಲ್ಲರಿಗಿಂತ ಮೊದಲು ಅಂದ. ಮಾಲೀಕರು ಅದೇ ದಿನ ಕೆಲಸದಿಂದ ತೆಗೆದರು. ಅತ್ತಿಗೆ ಬೇಕರಿಯ ಬಾಗಿಲಿಗೆ ಹೋಗಿ, ಬೀದಿ ಜನರೆದುರು, “ಹನ್ನೆರಡು ದಿನದಿಂದ ಒಂದು ತೊಟ್ಟು ಮುಟ್ಟಿಲ್ಲ ಸಾರ್, ನನ್ನಾಣೆಗೂ ಮುಟ್ಟಿಲ್ಲ,” ಅಂತ ಅತ್ತಳು. ಕುಡುಕರ ಹೆಂಡತಿಯರೆಲ್ಲ ಹೇಳುವ ಮಾತೇ ಅದು. ಅಣ್ಣ ಮಾತ್ರ ತನ್ನ ಪರವಾಗಿ ತುಟಿ ಎರಡು ಮಾಡಲಿಲ್ಲ.

ಯಾಕೆ ಅಂತ ನನಗೆ ಗೊತ್ತಾದದ್ದು ಮೂರನೇ ದಿನ, ಆಸ್ಪತ್ರೆಯಲ್ಲಿ. ಅವನ ಜೊತೆ ನಾನೂ ಹೋಗಿದ್ದೆ. ಬನ್ನಕ್ಕ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಲಗಿದ್ದಳು. ಅಣ್ಣ ಮಂಚದ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ.

“ಅಕ್ಕಾ, ನಾನು ಕುಡಿದಿರಲಿಲ್ಲ.”

“ಗೊತ್ತು ತಮ್ಮಾ,” ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಹತ್ತು ದಿನದಿಂದ ನಿನ್ನ ಹತ್ತಿರ ವಾಸನೆ ಇರಲಿಲ್ಲ. ಅದಕ್ಕೇ ಧೈರ್ಯವಾಗಿ ಕೈ ಹಾಕಿದೆ. ಮುಂಚೆ ಆಗಿದ್ರೆ ನಿನ್ನ ಮುಖಾನ ಒಂದು ಕಣ್ಣಲ್ಲಿ ನೋಡ್ತಾನೇ ಕೆರೀತಿದ್ದೆ.”

ಅವಳು ಸಮಾಧಾನ ಮಾಡಲೆಂದೇ ಹೇಳಿದ್ದು. ಅವನು ಅವಳ ಎಡಗೈಯನ್ನು ಒಂದು ಸಲ ಮುಟ್ಟಿ ಎದ್ದ. ಆಸ್ಪತ್ರೆಯಿಂದ ಬರುವಾಗ ಅಂಗಡಿಯ ಮುಂದೆ ನಿಂತು, ಕಾಗದದಲ್ಲಿ ಸುತ್ತಿಸದೆ, ಬಾಟಲಿಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬಂದ. ನಾನು ತೋಳು ಹಿಡಿದು ಜಗ್ಗಿದೆ. “ಕುಡಿತಾ ಇದ್ದಿದ್ರೆ ಅವಳ ಕೈ ಉಳೀತಿತ್ತು,” ಅಂದ. “ಬಿಟ್ಟಿದ್ದಕ್ಕೆ ಹೋಯ್ತು. ಮುಟ್ಟಿಲ್ಲ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ?”

ಎಷ್ಟು ತಿಳಿಹೇಳಿದರೂ ಆ ಲೆಕ್ಕವನ್ನು ಅವನ ತಲೆಯಿಂದ ತೆಗೆಯಲು ನಮ್ಮಿಂದಾಗಲಿಲ್ಲ. ನಾನೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. “ಇನ್ನು ಕೆಲವು ವಾರ ತಡೆದಿದ್ರೆ ಬರ್ತಿತ್ತು, ನಿದ್ದೆ,” ಅಂದರು ಅವರು. “ಈಗಲೂ ಕರ್ಕೊಂಡು ಬನ್ನಿ.” ನಾನು ಹತ್ತು ಸಲ ಕರೆದೆ. ಹತ್ತು ಸಲವೂ ಅವನು “ನಾಳೆ” ಅಂದ.

ಇದಾಗಿ ನಾಲ್ಕು ವರ್ಷ. ಬನ್ನಕ್ಕ ಮಗಳ ಮನೆಯಲ್ಲಿದ್ದಾಳೆ. ಎಡಗೈಯಲ್ಲಿ ಉಣ್ಣುವುದು ಕಲಿತಿದ್ದಾಳೆ. ಅತ್ತಿಗೆ ಮೊದಲು ವಾರಕ್ಕೆ ಮೂರು ರಾತ್ರಿ ಬರೀ ಮಲಗುವುದಕ್ಕೆಂದು ನನ್ನ ಮನೆಗೆ ಬರುತ್ತಿದ್ದಳು. ಆಮೇಲೆ ತನ್ನ ಅಕ್ಕನ ಊರಿಗೆ ಹೋದಳು. ಜಗಳವಾಡಿ ಹೋಗಲಿಲ್ಲ. “ಅವರ ಉಸಿರು ಎಣಿಸಿ ಎಣಿಸಿ ನನ್ನ ಉಸಿರು ಮುಗೀತಾ ಬಂತು ಕಣೇ,” ಅಂದಳು, ಬಸ್ಸಿನ ಕಿಟಕಿಯಿಂದ. ಅವಳದು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಅಣ್ಣ ಈಗ ಬೆಳಿಗ್ಗೆ ಎಲ್ಲಿಗೂ ಎದ್ದು ಹೋಗಬೇಕಾಗಿಲ್ಲ. ಆದರೂ ಹೊತ್ತು ಮುಳುಗುವ ಮೊದಲೇ ಕುಡಿದು ಮಲಗುತ್ತಾನೆ. ಹನ್ನೊಂದಕ್ಕೆ ಎದ್ದು ಮತ್ತೆ ಕುಡಿಯುತ್ತಾನೆ. ಹಗಲು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಪಾರ್ಕಿನ ಕಟ್ಟೆಯ ಮೇಲೆ, ಸಿಕ್ಕಿದಲ್ಲಿ ಹತ್ತು ನಿಮಿಷ, ಕಾಲು ಗಂಟೆ ಕಣ್ಣು ಮುಚ್ಚುತ್ತಾನೆ. ಐವತ್ತನಾಲ್ಕಕ್ಕೆ ಎಪ್ಪತ್ತರವನ ಹಾಗೆ ಕಾಣುತ್ತಾನೆ.

ಹೋದ ವಾರ ಮಧ್ಯಾಹ್ನ ಬಂದು, “ಇಲ್ಲೇ ಸ್ವಲ್ಪ ಒರಗಲಾ?” ಅಂದ. ಚಾಪೆ ಹಾಸಿಕೊಟ್ಟೆ. ಅರ್ಜೆಂಟು ಕೆಲಸವಿತ್ತು, ಮಷಿನ್ನಿನ ಸದ್ದಾದೀತು ಅಂತ ಅದನ್ನು ಬಿಟ್ಟು, ಕೈಯಲ್ಲೇ ಅಂಚು ಹೊಲಿಯುತ್ತಾ ಕೂತೆ. ಅವನ ಕಣ್ಣುಗಳು ರೆಪ್ಪೆಯ ಕೆಳಗೆ ಅತ್ತಿತ್ತ ಓಡಾಡುತ್ತಿದ್ದವು. ಏನೋ ಕನಸು ಕಾಣುತ್ತಿದ್ದ. ಕೆಟ್ಟದ್ದಿರಲಿಕ್ಕಿಲ್ಲ, ಮುಖ ಸಡಿಲವಾಗಿತ್ತು. ನಲವತ್ತು ನಿಮಿಷ ಹಾಗೇ ಮಲಗಿದ. ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದದ್ದಕ್ಕೆ ಧಡಕ್ಕನೆ ಎದ್ದು ಕೂತ.

“ಬೆಳಗಾಯ್ತಾ?”

“ಇಲ್ಲಣ್ಣ. ಮೂರೂವರೆ. ಮಧ್ಯಾಹ್ನ.”

ಅವನು ಕಿಟಕಿಯ ಬಿಸಿಲನ್ನು ನೋಡಿದ, ನನ್ನನ್ನು ನೋಡಿದ.

“ಇದೇ ದಿವಸಾನಾ?”

“ಇದೇ ದಿವಸ.”

ಅವನ ಮುಖ ಕುಸಿದದ್ದನ್ನು ನೋಡಲಾರದೆ ನಾನು ತಲೆ ತಗ್ಗಿಸಿ, ಸೂಜಿಗೆ ದಾರ ಪೋಣಿಸತೊಡಗಿದೆ. ಅವನು ಗೋಡೆ ಹಿಡಿದು ಎದ್ದು, ಹೊತ್ತು ಮುಳುಗುವುದಕ್ಕೆ ಇನ್ನೆಷ್ಟು ಗಂಟೆ ಇದೆ ಎಂದು ಕೇಳಿದ.